ಒಣಗಿಸಿದ ರಾಮಪತ್ರೆ ಬೀಜ ಯಾಕೆ ಹುಟ್ಟಲಿಲ್ಲ?

ಸಾಗರದ ಕಡೆಯ ಓದುಗರೊಬ್ರು ಬರ್ದಿದಾರೆ: "ನಮ್ಮೂರ ಸಂಘದಿಂದ ಬೆಟ್ಟದಲ್ಲಿ ಗಿಡ ನೆಡ್ತಾ ಇದೀವಿ. ಹೋದ ವರ್ಷ ಒಂದು ಚೀಲ ರಾಮಪತ್ರೆ (ಜಾಯಿಕಾಯಿ ಜಾತಿಯ ಕಾಡುಮರ) ಬೀಜ ತಂದು ಚೆನ್ನಾಗಿ ಒಣಗಿಸಿಟ್ಟು ಮಳೆ ಹಿಡಿದ್ಮೇಲೆ ಹಾಕಿದ್ವಿ, ಒಂದೂ ಹುಟ್ಟಲಿಲ್ಲ. ಈ ಸಲ ಅಕೇಶಿಯಾನೇ ಹಾಕೋಣ ಅಂತಾರೆ ಹುಡುಗ್ರು. ಹಸಿರಾದ್ರೆ ಆಯ್ತಲ್ವಾ?"

ಸರ್, ಮೊದ್ಲು ಬೀಜದ ವಿಷಯ. ಭತ್ತ, ಅವರೆ ಎಲ್ಲಾ ಒಣಗಿಸಿಟ್ಟು ಬಿತ್ತಿ ಅಭ್ಯಾಸ ಆದವರು ನಾವು, ಹಂಗಾಗಿ ನೀವು ಮಾಡಿದ್ದು ಸಹಜವೇ. ಆದ್ರೆ ಮಳೆಕಾಡಿನ ಎಷ್ಟೋ ಮರದ ಬೀಜ ಒಣಗಿದ್ರೆ ಸತ್ತೇ ಹೋಗುತ್ತೆ. ರಾಮಪತ್ರೆ ಕಾಯಿ ಬಿರಿದಾಗ ನೋಡಿದೀರಲ್ಲ, ಬೀಜದ ಮೈತುಂಬ ಬಲೆ ಸುತ್ತಿದ ಹಾಗೆ ಪತ್ರೆ ಇರುತ್ತೆ, ಮಂಗಟ್ಟೆ ಹಕ್ಕಿ ಅದನ್ನ ನುಂಗಿ ಪತ್ರೆ ಕರಗಿಸ್ಕೊಂಡು ಬೀಜವನ್ನ ಇನ್ನೆಲ್ಲೋ ಉಗುಳುತ್ತೆ, ಹಸಿ ಇರುವಾಗ್ಲೇ, ನೆರಳಲ್ಲೇ, ತಂಪು ನೆಲದ ಮೇಲೆ. ನೀವೂ ಹಾಗೇ ಮಾಡಿ. ಉದುರಿದ ಹೊಸ ಬೀಜ ಆರಿಸಿ, ಪತ್ರೆ ತೆಗೆದು, ಆದಷ್ಟು ಬೇಗ ನೆರಳಲ್ಲಿ ತೊಟ್ಟೆಗೆ (ಸಸಿ ಬೆಳೆಸೋ ಪ್ಲಾಸ್ಟಿಕ್ ಚೀಲಕ್ಕೆ) ಹಾಕಿ, ಮಣ್ಣು ಆರೋಕೆ ಬಿಡ್ಬೇಡಿ. ಎಲ್ಲಾ ಬಾಚ್ಕೊಂಡೂ ಬರ್ಬೇಡಿ.

ಇನ್ನು ಹಸಿರಿನ ಮಾತು. ಅಕೇಶಿಯಾ ಸೌದೆಗೆ ಆಗುತ್ತೆ, ಇಲ್ಲ ಅನ್ನಲ್ಲ, ಆದ್ರೆ ಅದು ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಮರ, ಮಂಗಟ್ಟೆಗೆ ಅದ್ರಲ್ಲಿ ತಿನ್ನೋಕೇನಿದೆ? ನಮ್ಮ ಘಟ್ಟದ ಕಾಡಲ್ಲಿ ಒಂದೇ ಜಾತಿ ಸಾಲಾಗಿ ನಿಲ್ಲೋದು ಕಮ್ಮಿ. ಇಲ್ಲೊಂದು ಉಪ್ಪಾಗೆ, ಅಲ್ಲೊಂದು ರಾಮಪತ್ರೆ, ಆಚೆ ಎಲ್ಲೋ ಒಂದು ಧೂಪ. ರಾಮಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ ಅನ್ನೋದು ನಿಮಗೂ ಗೊತ್ತಿರುತ್ತೆ. ಸುತ್ತಲಿನ ಕಾಡು ಕಡಿದು ಒಂದೇ ಒಂದು ಹೆಣ್ಣು ಮರ ಉಳಿಸಿದ್ರೆ ಅದು ನೂರು ವರ್ಷ ನಿಂತ್ರೂ ಕಾಯಿ ಕಟ್ಟಲ್ಲ. ಎಣಿಸಿದ್ರೆ ಒಂದು ಮರ ಉಳೀತು, ನಿಜವಾಗಿ ಉಳಿದಿದ್ದು ಏನೂ ಇಲ್ಲ.

ನಿಮ್ಮಿಂದ ದೂರ ಏನಿಲ್ಲ, ಹೊನ್ನಾವರದ ದಾರೀಲಿ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಅನ್ನೋ ಕಾಡಿಗೆ ಒಮ್ಮೆ ಹುಡುಗ್ರನ್ನ ಕರ್ಕೊಂಡು ಹೋಗಿ. ತೊರೆ ಪಕ್ಕದ ಜವುಗಲ್ಲಿ ಬೇರುಗಳು ಕೆಸರಿಂದ ಮೇಲೆದ್ದು ಮೊಣಕಾಲು ಮಡಚಿದ ಹಾಗೆ ಬಾಗಿ ಮತ್ತೆ ಕೆಸರಿಗೇ ಇಳಿದಿರ್ತವೆ, ನೀರು ತುಂಬಿದ ಮಣ್ಣಲ್ಲಿ ಉಸಿರಾಡೋಕೆ ಆ ಮರಗಳು ಮಾಡ್ಕೊಂಡ ದಾರಿ ಅದು. ನಾನು ಮೊದಲ ಸಲ ನೋಡಿದಾಗ ಕಾಲಿಗೆ ಉಂಬಳ ಹತ್ತಿದ್ದೂ ಗೊತ್ತಾಗದೆ ನಿಂತಿದ್ದೆ. ಅಲ್ಲಿ ಗೇರಿನ ಕುಲದ ಒಂದು ಮರ ಇದೆ, ವಿಜ್ಞಾನಕ್ಕೆ ಗೊತ್ತಾಗಿ ಹೆಸರಿಟ್ಟಿದ್ದು 2000ದಲ್ಲಿ, ಹೆಸರಲ್ಲೇ ಕತ್ತಲೆಕಾನು ಇದೆ, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ. ಇಷ್ಟು ದೊಡ್ಡ ಮರ ಅಲ್ಲೀವರೆಗೂ ಯಾರ ಪಟ್ಟಿಗೂ ಸೇರಿರ್ಲಿಲ್ಲ ಅಂದ್ರೆ ಯೋಚ್ನೆ ಮಾಡಿ! ಇಂಥ ಜವುಗುಗಳಲ್ಲಿ ಎಷ್ಟೋ ಈಗಾಗ್ಲೇ ಅಡಿಕೆ ತೋಟ, ಗದ್ದೆ ಆಗಿ ಹೋಗಿವೆ. ತೊರೆ ನೀರು ಮೇಲುಗಡೆ ತಿರುಗಿಸಿದ್ರೆ ಸಾಕು, ಕೊಡಲಿ ಹಾಕದೇನೇ ಜವುಗು ಸಾಯುತ್ತೆ.

ಹಂಗಾಗಿ ನನ್ನ ಕೇಳಿದ್ರೆ, ಗುಂಡಿ ತೋಡೋಕೆ ಮುಂಚೆ ನಿಮ್ಮ ಬೆಟ್ಟದಲ್ಲಿ ತಾನಾಗೇ ಹುಟ್ಟಿರೋ ಸಸಿ ಯಾವ್ಯಾವು ಅಂತ ಹುಡುಕಿ. ದರಕು, ಅಂದ್ರೆ ಉದುರಿದ ಒಣ ಎಲೆ, ಗುಡಿಸೋವಾಗ ಮೊದ್ಲು ಹೋಗೋದು ಅವೇ, ಗೇಣುದ್ದದ ಸಸಿ ಎಲೆ ಜೊತೆ ಕೊಟ್ಟಿಗೆ ಸೇರುತ್ತೆ. ತೊರೆಯ ಎರಡೂ ಕಡೆ ಒಂದಿಷ್ಟು ಜಾಗ ಗುಡಿಸದೆ ಬಿಡಿ. ಉಪ್ಪಾಗೆ ಕೊಯ್ಯೋವಾಗ ಟೊಂಗೆ ಕಡಿಯೋರಿಗೆ ಹೇಳಿ, ಬಿದ್ದ ಹಣ್ಣು ಆರಿಸಿದ್ರೂ ಸಿಪ್ಪೆಗೆ ಬೆಲೆ ಇದೆ, ಮರದ ಮೇಲಿರೋದ್ರಲ್ಲಿ ಸಿಂಗಳೀಕಕ್ಕೂ ಪಾಲಿದೆ. ಖಾಲಿ ಬಿದ್ದ ಜಾಗಕ್ಕೆ ಮಾತ್ರ ಗಿಡ ನೆಡಿ, ಅದೂ ನಿಮ್ಮದೇ ಕಾನಿನ ಬೀಜದ್ದು.

ಈ ಸಲ ತೊಟ್ಟೆಯಲ್ಲಿ ಎಷ್ಟು ಹುಟ್ಟಿದ್ವು ಅಂತ ಮರೀದೆ ಬರೀರಿ, ಯಾವ ಮರದ ಬುಡದ ಬೀಜ, ಎಷ್ಟು ದಿನಕ್ಕೆ ಮೊಳಕೆ ಬಂತು ಅನ್ನೋದೂ ಬೇಕು, ಇಲ್ಲೇ ಹಾಕ್ತೀವಿ.

– ಸಂ.