ಎಂಜಿನ್ ಬ್ರಾಕೆಟ್‌ಗೆ ಉಕ್ಕೇ ಇರಲಿ
ಮನೆಯಲ್ಲಿ ಕಟ್ಟುತ್ತಿರುವ ಬೈಕಿನ ಎಂಜಿನ್ ಬ್ರಾಕೆಟ್ಟನ್ನು (ಎಂಜಿನ್ನನ್ನು ಫ್ರೇಮಿಗೆ ಹಿಡಿದಿಡುವ ತುಂಡು) 6061-ಟಿ6 ಎಂಬ ಬಗೆಯ ಅಲ್ಯೂಮಿನಿಯಂ ಪಟ್ಟಿಗಳನ್ನು ಬೆಸೆದು ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು, ಆದರೆ ನಾನಂತೂ ಮಾಡುವುದಿಲ್ಲ. ಆ ಮಿಶ್ರಲೋಹಕ್ಕೆ ಬಲ ಬಂದಿರುವುದೇ ಕಾಯಿಸಿ ತಣಿಸುವ ಉಷ್ಣೋಪಚಾರದಿಂದ; ಬೆಸುಗೆಯ ಶಾಖ ತಗುಲಿದ ಅಂಚಿನಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಎಂಜಿನ್ನಿನ ಕಂಪನಕ್ಕೆ ಬಿರುಕು ಹುಟ್ಟುವುದೂ ಅಲ್ಲಿಯೇ. ಫ್ರೇಮ್ ಉಕ್ಕಿನದಾಗಿದ್ದರೆ ಮೈಲ್ಡ್ ಸ್ಟೀಲ್ ಪ್ಲೇಟನ್ನೇ ಬಳಸಿ.

ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿಕೊಳ್ಳಿ. ಬ್ಯಾಟರಿ ಕಳಚಿಟ್ಟು, ಎಂಜಿನ್ನನ್ನು ಬೋಲ್ಟ್ ಬಿಗಿದು ಕೂರಿಸಿ, ಎರಡೂ ಸ್ಪ್ರಾಕೆಟ್‌ಗಳು (ಚೈನ್ ಓಡುವ ಹಲ್ಲುಚಕ್ರಗಳು) ಒಂದೇ ಗೆರೆಯಲ್ಲಿವೆಯೇ ಎಂದು ನೇರಪಟ್ಟಿ ಹಿಡಿದು ನೋಡಿದ ಮೇಲಷ್ಟೇ ಟ್ಯಾಕ್ (ತುಂಡುಗಳನ್ನು ಸದ್ಯಕ್ಕೆ ಹಿಡಿದಿಡುವ ಚಿಕ್ಕ ಬೆಸುಗೆ) ಹಾಕಿ. ಬೆಸುಗೆ ತಣಿಯುವಾಗ ಲೋಹವನ್ನು ತನ್ನತ್ತ ಎಳೆದುಕೊಳ್ಳುವುದರಿಂದ, ಒಂದು ಬದಿಯನ್ನು ಒಮ್ಮೆಗೇ ಮುಗಿಸದೆ ಎಡಬಲ ಬದಲಿಸುತ್ತ ಹೋಗಬೇಕು. ಒಮ್ಮೆ ಆತುರಪಟ್ಟ ನಾನು, 2 ಮಿ.ಮೀ. ಸರಿದಿದ್ದ ರಂಧ್ರವನ್ನು ಅರದಿಂದ ಉಜ್ಜುತ್ತ ಇಡೀ ಸಂಜೆ ಕಳೆದಿದ್ದೇನೆ.