ನಾಲ್ಕು ಕೆಲಸ ಒಟ್ಟಿಗೆ ಆಗುತ್ತದೆ, ಎರಡು ಬರವಣಿಗೆ ಒಟ್ಟಿಗೆ ಆಗುವುದಿಲ್ಲ

ನಿಮ್ಮ ಪ್ರಶ್ನೆ ಹೀಗಿತ್ತು: ಫ್ರೀಲ್ಯಾನ್ಸ್ ಆಗಿ ಬರೆಯುತ್ತಾ ನಿರ್ದೇಶನವನ್ನೂ ಮಾಡುವವರು ಸೀರಿಯಲ್, ನಾಟಕ, ಕಂಪನಿ ವಿಡಿಯೊ, ಸಾಕ್ಷ್ಯಚಿತ್ರ ಅಂತ ಅಷ್ಟೊಂದು ಕೆಲಸ ಒಟ್ಟಿಗೆ ಹೇಗೆ ಸಂಭಾಳಿಸುತ್ತಾರೆ, ತಲೆ ಕೆಡುವುದಿಲ್ಲವಾ? ಐಟಿ ಕೆಲಸ ಬಿಟ್ಟು ಇದಕ್ಕೆ ಬರುವ ಆಸೆ ಇದೆ ಅಂತಲೂ ಬರೆದಿದ್ದೀರಿ.

ತಲೆ ಕೆಡುತ್ತದೆ. ಆದರೆ ಕೆಲಸ ಜಾಸ್ತಿ ಇದೆ ಅನ್ನುವ ಕಾರಣಕ್ಕಲ್ಲ. ಒಂದೇ ಹಂತದಲ್ಲಿರುವ ಎರಡು ಕೆಲಸ ಒಟ್ಟಿಗೆ ಬಂದರೆ ಕೆಡುತ್ತದೆ.

ಈಗ ನನ್ನ ಕೈಯಲ್ಲಿರುವುದನ್ನೇ ನೋಡಿ. ಒಂದು ಸೀರಿಯಲ್‌ಗೆ ಸಂಭಾಷಣೆ ಬರೆಯುತ್ತಿದ್ದೇನೆ. ಒಂದು ನಾಟಕ ರಿಹರ್ಸಲ್‌ನಲ್ಲಿದೆ. ಶಿರಾ ಕಡೆಯ ಕೆರೆಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ ಎಡಿಟಿಂಗ್‌ನಲ್ಲಿದೆ. ಪೀಣ್ಯದ ಕಾರ್ಖಾನೆಯೊಂದರ ಸುರಕ್ಷತಾ ವಿಡಿಯೊ ಶೂಟ್ ಆಗಬೇಕಿದೆ. ಕೇಳುವುದಕ್ಕೆ ಗಾಬರಿ, ಆದರೆ ಇದು ನೆಮ್ಮದಿಯ ಕಾಲ. ಬೆಳಗ್ಗೆ ಕೂತು ಬರೆಯುತ್ತೇನೆ. ಮಧ್ಯಾಹ್ನ ಎಡಿಟರ್ ಪಕ್ಕ ಕೂತು ನೋಡುತ್ತೇನೆ. ಸಂಜೆ ರಿಹರ್ಸಲ್‌ನಲ್ಲಿ ನಿಂತೇ ಇರುತ್ತೇನೆ. ಕಾರ್ಖಾನೆಯದ್ದು ಸದ್ಯಕ್ಕೆ ಬರೀ ಫೋನ್ ಕೆಲಸ. ಒಂದರಲ್ಲಿ ಸುಸ್ತಾದ ಭಾಗಕ್ಕೆ ಇನ್ನೊಂದರಲ್ಲಿ ರೆಸ್ಟ್ ಸಿಗುತ್ತದೆ.

ಇದರ ಬದಲು ಸೀರಿಯಲ್ ಮತ್ತು ನಾಟಕ ಎರಡೂ ಬರವಣಿಗೆಯ ಹಂತದಲ್ಲಿದ್ದರೆ? ಎರಡೇ ಕೆಲಸ ಅಲ್ವಾ ಅನಿಸುತ್ತದೆ. ಆದರೆ ಕೆಲವೇ ದಿನದಲ್ಲಿ ನಾಟಕದ ಅಜ್ಜಿ ಸೀರಿಯಲ್ ಅತ್ತೆಯ ಹಾಗೆ ಮಾತಾಡಲು ಶುರು ಮಾಡುತ್ತಾಳೆ. ಸೀರಿಯಲ್ ಬರವಣಿಗೆ ಕೀಳು ಅಂತ ಹೇಳುತ್ತಿಲ್ಲ. ಅದರ ಲೆಕ್ಕವೇ ಬೇರೆ. ಸೀರಿಯಲ್ ನೋಡುವವರು ಎಷ್ಟೋ ಸಲ ಟಿವಿಗೆ ಬೆನ್ನು ಹಾಕಿ ಚಪಾತಿ ಲಟ್ಟಿಸುತ್ತಿರುತ್ತಾರೆ. ಅವರು ಕತೆಯನ್ನು ಕಿವಿಯಲ್ಲೇ ಹಿಡಿಯಬೇಕು. ಹಾಗಾಗಿ "ಏನಂದೆ? ನಮ್ಮ ಸುಮಾ ಮನೆ ಬಿಟ್ಟು ಹೋದಳಾ?" ಅಂತ ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೆಸರು ಸೇರಿಸಿ ಹೇಳಬೇಕು. ಅದೇ ರಂಗದ ಮೇಲೆ, ಕತ್ತಲಲ್ಲಿ ಕೂತ ಜನ ಖಾಲಿ ಮಂಚ ನೋಡಿದ ತಕ್ಷಣ ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲಿ ಅಜ್ಜಿ ಮಂಚದ ಮೇಲಿನ ಹೊದಿಕೆ ಮಡಚಿದರೆ ಸಾಕು, ಬಾಯಿ ಬಿಡಬೇಕಾಗಿಲ್ಲ. ಈ ಎರಡು ಅಭ್ಯಾಸ ಒಂದೇ ಬೆಳಗ್ಗೆ ಒಂದೇ ಕೈಗೆ ಬರುವುದಿಲ್ಲ. ಬರುತ್ತದೆ ಅನ್ನುವವರು ಇದ್ದಾರೆ, ಅವರ ನಾಟಕವನ್ನೂ ನೋಡಿದ್ದೇನೆ.

ಆದ್ದರಿಂದ ಹೊಸ ಕೆಲಸ ಬಂದಾಗ "ಟೈಮ್ ಇದೆಯಾ" ಅಂತ ಯೋಚಿಸುವುದಿಲ್ಲ. ಇದರ ಬರವಣಿಗೆ ಯಾವಾಗ ಬೀಳುತ್ತದೆ, ಆಗ ಇನ್ನೇನು ಬರೆಯುತ್ತಿರುತ್ತೇನೆ ಅಂತ ನೋಡುತ್ತೇನೆ. ಡಿಕ್ಕಿ ಆಗುವ ಹಾಗಿದ್ದರೆ ಮುಂದಕ್ಕೆ ಹಾಕಲು ಕೇಳುತ್ತೇನೆ. ಕಂಪನಿಯವರು ಸಾಮಾನ್ಯವಾಗಿ ಒಪ್ಪುತ್ತಾರೆ, ಅವರ ಅಪ್ರೂವಲ್ಲೇ ತಡವಾಗುತ್ತದೆ. ಸೀರಿಯಲ್‌ನವರು ಖಂಡಿತ ಒಪ್ಪುವುದಿಲ್ಲ.

ಯಾಕೆ ಅಂದರೆ ಸೀರಿಯಲ್‌ನಲ್ಲಿ ಸಂಭಾಷಣೆಯವರು ಬರುವುದು ಸಾಲಿನ ಕೊನೆಗೆ. ಕತೆಯವರು ಒನ್‌ಲೈನ್, ಅಂದರೆ ಕತೆಯ ಸಾರ, ಕೊಡುತ್ತಾರೆ. ಚಿತ್ರಕತೆಯವರು ಅದನ್ನು ಸೀನ್ ಮಾಡುತ್ತಾರೆ. ಆಮೇಲೆ ನಮಗೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಸುಮಾರು 22 ನಿಮಿಷದ ಕಂತು. ಕೈಯಲ್ಲಿ ಕಂತುಗಳ ಬ್ಯಾಂಕಿಂಗ್, ಅಂದರೆ ಮೊದಲೇ ಶೂಟ್ ಮಾಡಿಟ್ಟ ಕಂತುಗಳು, ಇದ್ದರೆ ಎಲ್ಲರೂ ದೇವರಂಥವರು. ಅದು ಕರಗಿತು ಅಂದರೆ ಮೇಕಪ್ ಹಾಕಿಕೊಂಡ ಕಲಾವಿದರು ಸೆಟ್‌ನಲ್ಲಿ ಕೂತಿರುತ್ತಾರೆ, ಸೀನ್ ವಾಟ್ಸಾಪ್‌ನಲ್ಲಿ ಹೋಗುತ್ತಿರುತ್ತದೆ. ಗುರುವಾರ ಟಿಆರ್‌ಪಿ ಬರುತ್ತದೆ. ಸಂಖ್ಯೆ ಇಳಿದಿದ್ದರೆ ಕತೆಯ ಟ್ರ್ಯಾಕ್ ಬದಲು, ಬರೆದ ಕಂತು ಕಸದ ಬುಟ್ಟಿಗೆ. ಹಾಗಾಗಿ ಗುರುವಾರ ಮಧ್ಯಾಹ್ನದ ಮೇಲೆ ನಾನು ಬೇರೆ ಯಾರಿಗೂ ಮಾತು ಕೊಡುವುದಿಲ್ಲ.

ಎರಡು ಬರವಣಿಗೆ ಒಟ್ಟಿಗೆ ಬೇಡ ಅನ್ನುವ ನಿಯಮದಿಂದ ಡಬ್ಬಿಂಗ್ ಬರವಣಿಗೆಯನ್ನು ಮಾತ್ರ ಹೊರಗಿಟ್ಟಿದ್ದೇನೆ. ಕನ್ನಡದಲ್ಲಿ ಬಹಳ ಕಾಲ ಈ ಕೆಲಸವೇ ಇರಲಿಲ್ಲ. ಡಬ್ಬಿಂಗ್ ತಡೆಯುವುದು ಸರಿಯಲ್ಲ ಅಂತ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಚಾನೆಲ್‌ಗಳು ಡಬ್ ಆದ ಧಾರಾವಾಹಿಗಳನ್ನು ತಂದವು. ಇಲ್ಲಿ ಅರ್ಥ ಮೊದಲೇ ಸಿಕ್ಕಿರುತ್ತದೆ, ತುಟಿ ಹೊಂದಿಸುವುದೇ ಕೆಲಸ. ಪರದೆಯ ಮೇಲೆ ನಟನ ತುಟಿ ಮುಚ್ಚಿತು ಅಂದರೆ ಅಲ್ಲಿ ಪ, ಬ, ಮ ಬೀಳಬೇಕು. ಮಾತು ಮುಗಿಯುವಾಗ ಬಾಯಿ ತೆರೆದಿದ್ದರೆ ನನ್ನ ಸಾಲೂ ತೆರೆದೇ ಮುಗಿಯಬೇಕು. ಕ್ಲೋಸಪ್‌ನಲ್ಲಿ ಇದು ಪ್ರಾಣ ತಿನ್ನುತ್ತದೆ, ಬೆನ್ನು ತಿರುಗಿಸಿ ನಿಂತ ನಟನನ್ನು ಕಂಡರೆ ಕೈ ಮುಗಿಯಬೇಕು ಅನಿಸುತ್ತದೆ. ಪದಬಂಧ ಬಿಡಿಸಿದ ಹಾಗೆ, ಸ್ವಂತ ಬರವಣಿಗೆಯ ತಂಟೆಗೆ ಬರುವುದಿಲ್ಲ.

ಕೆಲಸಗಳು ಒಂದಕ್ಕೊಂದು ಅಡ್ಡ ಬರುವುದಷ್ಟೇ ಅಲ್ಲ, ಸಹಾಯವನ್ನೂ ಮಾಡುತ್ತವೆ. ಕೆರೆ ಚಿತ್ರದಲ್ಲಿ ಒಬ್ಬರು ಹಿರಿಯ ನೀರುಗಂಟಿ ಇದ್ದಾರೆ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುತ್ತಿದ್ದವರು. ಜಗಳದ ಬಗ್ಗೆ ಕೇಳಿದರೆ ಜಗಳ ಹೇಳುವುದಿಲ್ಲ. ಯಾವ ಕಾಲುವೆಯ ಮಣ್ಣನ್ನು ಯಾವ ಕಡೆ ಎಳೆದಿದ್ದರು ಅಂತ ಹೇಳುತ್ತಾರೆ, ಜಗಳ ಏನು ಅಂತ ನಮಗೇ ಗೊತ್ತಾಗುತ್ತದೆ. ಎಡಿಟ್ ಟೇಬಲ್‌ನಲ್ಲಿ ಆ ಮಾತನ್ನು ಮತ್ತೆ ಮತ್ತೆ ಕೇಳಿ ಸಂಜೆ ರಿಹರ್ಸಲ್‌ಗೆ ಹೋದೆ. ಎರಡನೇ ಅಂಕದ ಪಂಚಾಯ್ತಿ ದೃಶ್ಯದಲ್ಲಿ ನಾನೇ ಬರೆದಿದ್ದ ಬೈಗುಳದ ಅರ್ಧದಷ್ಟು ಸುಮ್ನೆ ಗಲಾಟೆ ಅನಿಸಿತು. ಅಲ್ಲೇ ಹೊಡೆದು ಹಾಕಿದೆ. ನಟರಿಗೆ ಖುಷಿ, ಬಾಯಿಪಾಠ ಕಡಿಮೆ ಆಯಿತಲ್ಲ.

ದುಡ್ಡಿನ ವಿಷಯ. ನಾಟಕದಿಂದ ಮನೆ ಬಾಡಿಗೆ ಕಟ್ಟಲು ಆಗುವುದಿಲ್ಲ, ಕಂಪನಿ ವಿಡಿಯೊಗಳಿಂದ ಆಗುತ್ತದೆ. ಅದರಲ್ಲಿ ನಾಚಿಕೆ ಏನಿಲ್ಲ. ಬಿಲ್ ಮೇಲೆ ಸಾಮಾನ್ಯವಾಗಿ 10% ಟಿಡಿಎಸ್, ಅಂದರೆ ಮುಂಚಿತ ತೆರಿಗೆ, ಹಿಡಿಯುತ್ತಾರೆ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಪೇಮೆಂಟ್ ಎಳೆದಾಡುವುದು ಇಲ್ಲಿ ಮಾಮೂಲು, ನನ್ನದೂ ಒಂದು ಕಡೆ ವರ್ಷಗಟ್ಟಲೆ ಎಳೆದಿದೆ. ಅದಕ್ಕೇ ಹೇಳುವುದು, ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡಿರುವ ಉದ್ಯಮ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡಿಕೊಳ್ಳಿ, ಉಚಿತ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಕಂಡರೆ ಅಕೌಂಟ್ಸ್‌ನವರ ದನಿ ಸ್ವಲ್ಪ ಮೆತ್ತಗಾಗುತ್ತದೆ.

ಕತೆ ನಿಮ್ಮ ಸ್ವಂತದ್ದಾದರೆ ಬಾಯಿಮಾತಿನಲ್ಲಿ ಕೊಡಬೇಡಿ. ಕಾಪಿರೈಟ್ ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು ಅಂತ ಕಾನೂನು ಹೇಳುತ್ತದೆ. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಅಂತಲೇ ಅರ್ಥ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ನಿರ್ಮಾಪಕರ ಕರಾರಿನಲ್ಲಿ "ಶಾಶ್ವತವಾಗಿ, ಜಗತ್ತಿನಾದ್ಯಂತ" ಅನ್ನುವ ಸಾಲು ಇರುತ್ತದೆ. ಆ ಸಾಲನ್ನು ಓದಿ, ಬೆಲೆ ಹೇಳಿ, ಆಮೇಲೆ ಸೈನ್ ಹಾಕಿ.

ಇನ್ನು ಐಟಿ ಕೆಲಸ ಬಿಡುವುದು. ಈಗಲೇ ಬಿಡಬೇಡಿ. ಬೆಂಗಳೂರಿನ ಹವ್ಯಾಸಿ ತಂಡಗಳಲ್ಲಿ ಬಹಳ ಜನ ಹಗಲು ಆಫೀಸಿಗೆ ಹೋಗುವವರೇ. ರಿಹರ್ಸಲ್ ಸಂಜೆ ಇರುವುದೂ ಅದಕ್ಕೇ. ಯಾವುದಾದರೂ ತಂಡದಲ್ಲಿ ಮೊದಲು ಬ್ಯಾಕ್‌ಸ್ಟೇಜ್‌ಗೆ ಸೇರಿ. ಜೆ.ಪಿ. ನಗರದ ರಂಗಶಂಕರದಲ್ಲಿ ಶೋ ಇರುವ ದಿನ ರಜೆ ಹಾಕಿ, ಸೆಟ್ ಏರಿಸುವುದರಿಂದ ಹಿಡಿದು ಕೂತು ನೋಡಿ. ಅಲ್ಲಿ 7.30 ಅಂದರೆ 7.30, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಡೆಡ್‌ಲೈನ್ ಅಂದರೆ ಏನು ಅಂತ ಆ ದಿನ ಗೊತ್ತಾಗುತ್ತದೆ, ನಿಮ್ಮ ಸ್ಪ್ರಿಂಟ್‌ಗಳ ಹಾಗೆ ಮುಂದಿನ ವಾರಕ್ಕೆ ತಳ್ಳಲು ಬರುವುದಿಲ್ಲ.

ಜೊತೆಗೆ ಹತ್ತು ನಿಮಿಷದ ಒಂದು ಚಿತ್ರಕತೆ ಬರೆದು, ನೀವೇ ಫೋನ್‌ನಲ್ಲಿ ಶೂಟ್ ಮಾಡಿ, ನೀವೇ ಎಡಿಟ್ ಮಾಡಿ. ಯಾರಿಗೂ ತೋರಿಸಬೇಕಾಗಿಲ್ಲ. ಬರೆಯುವುದು, ಶೂಟ್, ಎಡಿಟ್, ಇದರಲ್ಲಿ ಯಾವ ಹಂತದಲ್ಲಿ ಊಟ ಮರೆತಿರಿ, ಯಾವುದರಲ್ಲಿ ಫೋನ್ ನೋಡುತ್ತಾ ಕೂತಿರಿ ಅಂತ ನೋಡಿಕೊಂಡು ನನಗೆ ಮತ್ತೆ ಬರೆಯಿರಿ. ಮೊದಲ ಕೆಲಸಕ್ಕೆ ಎಷ್ಟು ಕೇಳಬೇಕು ಅನ್ನುವುದನ್ನು ಆಗ ಮಾತಾಡೋಣ.