ಎರಡು ಕೊಡಪಾನ ನೀರು ಮತ್ತು ಮರವಾಗುವ ಹುಡುಗಿ

ನೀವು ಕೇಳಿದ್ದು ಇಷ್ಟು: ನಿಮ್ಮ ಮೆಚ್ಚಿನ ಕಿನ್ನರ ಕತೆ ಯಾವುದು, ಯಾಕೆ ಮೆಚ್ಚು, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಬೆಳೆಯುತ್ತಿರುವ ಆರು ವರ್ಷದ ಮಗಳಿಗೆ ಅದನ್ನು ಹೇಳುವುದು ಹೇಗೆ. ಹೇಳಲು ಹೊರಟರೆ ಅರ್ಧದಲ್ಲೇ ಮಗು ಎದ್ದು ಹೋಗುತ್ತಾಳೆ ಎಂದೂ ಬರೆದಿದ್ದೀರಿ.

ನನಗೆ ಎಲ್ಲಕ್ಕಿಂತ ಇಷ್ಟ ನಮ್ಮದೇ ಅಜ್ಜಿಕತೆ, ಹೂವಿನ ಮರವಾಗುವ ಹುಡುಗಿಯದ್ದು. ಎ. ಕೆ. ರಾಮಾನುಜನ್ ಇದನ್ನು ಕನ್ನಡದಲ್ಲಿ ಹೇಳುವವರಿಂದ ಕೇಳಿ ಸಂಗ್ರಹಿಸಿ ಇಂಗ್ಲಿಷಿಗೆ ತಂದ ಮೇಲೆ ಹೊರಗಿನವರಿಗೂ ಪರಿಚಯವಾಯಿತು. ಬಡ ತಾಯಿ, ಇಬ್ಬರು ಹೆಣ್ಣುಮಕ್ಕಳು. ತಾಯಿ ಕಂಡವರ ಮನೆಯ ಚಾಕರಿ ಮಾಡಿ ಸವೆಯುವುದನ್ನು ನೋಡಲಾರದೆ ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ಉಗುರು ತಾಗದ ಹಾಗೆ ಎರಡು ಕೊಡಪಾನ ನೀರು ತಾ. ಒಂದನ್ನು ನನ್ನ ಮೇಲೆ ಹೊಯ್ಯಿ, ನಾನು ಮರವಾಗುತ್ತೇನೆ. ಎಲೆ ಹರಿಯದೆ, ಚಿಗುರು ಮುರಿಯದೆ ಹೂ ಮಾತ್ರ ಕೊಯ್ಯಿ. ಇನ್ನೊಂದನ್ನು ಹೊಯ್ದರೆ ಮತ್ತೆ ಹುಡುಗಿಯಾಗುತ್ತೇನೆ. ಹೂ ಕಟ್ಟಿ ಅರಮನೆಯಲ್ಲಿ ಮಾರುತ್ತಾರೆ. ರಾಜಕುಮಾರ ಹೂವಿನ ಜಾಡು ಹಿಡಿದು ಬಂದು, ಬಚ್ಚಿಟ್ಟುಕೊಂಡು ನೋಡಿ, ಅವಳನ್ನೇ ಮದುವೆಯಾಗುತ್ತಾನೆ.

ನಾನು ಈ ಕತೆಯನ್ನು ಮೆಚ್ಚುವುದು ಇದರ ಕಟ್ಟಳೆಗೆ. ಕಿನ್ನರ ಕತೆಯೆಂದರೆ ಏನು ಬೇಕಾದರೂ ಆಗಬಹುದು ಎಂದು ತಿಳಿದವರು ಬಹಳ ಮಂದಿ. ಒಳ್ಳೆಯ ಕತೆಯಲ್ಲಿ ಹಾಗಿಲ್ಲ. ಇಲ್ಲಿ ಮಾಯೆಗೆ ನಾಲ್ಕು ಷರತ್ತು ಉಂಟು: ಉಗುರು ತಾಗಬಾರದು, ಎಲೆ ಹರಿಯಬಾರದು, ಚಿಗುರು ಮುರಿಯಬಾರದು, ಎರಡನೆಯ ಕೊಡಪಾನ ಪೂರ್ತಿ ಸುರಿಯಬೇಕು. ಮುಂದಿನ ಕಷ್ಟವೆಲ್ಲ ಈ ಷರತ್ತುಗಳು ಮುರಿಯುವುದರಿಂದಲೇ ಹುಟ್ಟುತ್ತದೆ. ಬಾಡಿದ ಹೂವಿನ ರಾಶಿ ನೋಡಿ ಗುಟ್ಟು ತಿಳಿದ ನಾದಿನಿ ಅವಳನ್ನು ತೋಟಕ್ಕೆ ಕರೆದೊಯ್ದು ಗೆಳತಿಯರ ಮುಂದೆ ಮರವಾಗು ಎಂದು ಪೀಡಿಸುತ್ತಾಳೆ. ಆ ಹುಡುಗಿಯರು ಹೂವಿನ ಜೊತೆ ಎಲೆ ಕಿತ್ತರು, ಕೊಂಬೆ ಮುರಿದರು. ಮಳೆ ಬಂತೆಂದು ಎರಡನೆಯ ನೀರನ್ನು ಹೇಗೋ ಚೆಲ್ಲಿ ಓಡಿದರು. ಅವಳು ಕೈಕಾಲಿಲ್ಲದೆ, ಅರ್ಧ ದೇಹವಾಗಿ ಉಳಿದಳು.

ಕತೆ ಹೇಳುವವರು ಎಡವುವುದು ಮುಂದಿನ ಘಟ್ಟದಲ್ಲಿ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಅವಳಿಗೆ ಪೆಟ್ಟಾದದ್ದು ಮರವಾಗಿದ್ದಾಗ. ಹಾಗಾಗಿ ಮನುಷ್ಯದೇಹಕ್ಕೆ ಎಷ್ಟು ಔಷಧಿ ಹಚ್ಚಿದರೂ ಗುಣವಾಗುವುದಿಲ್ಲ. ಅವಳಿಲ್ಲದೆ ಊರೂರು ಅಲೆದು ಸೊರಗಿದ ಗಂಡ ಕೊನೆಗೆ ಅವಳನ್ನು ಗುರುತಿಸುತ್ತಾನೆ. ಆಮೇಲೆ ಮಾಡುವುದೇನು? ಮೊದಲ ಕೊಡಪಾನ ಹೊಯ್ದು ಅವಳನ್ನು ಪುನಃ ಮರ ಮಾಡುತ್ತಾನೆ. ಮುರಿದ ಕೊಂಬೆಗಳನ್ನು ಎತ್ತಿ ಜೋಡಿಸುತ್ತಾನೆ, ಹರಿದ ಎಲೆಗಳನ್ನು ಕೂಡಿಸುತ್ತಾನೆ. ಅನಂತರ ಎರಡನೆಯ ಕೊಡಪಾನ. ಈ ಅನುಕ್ರಮ ತಪ್ಪಿಸಿ "ನೀರು ಹೊಯ್ದ, ಸರಿಯಾದಳು" ಎಂದು ಒಂದೇ ಉಸಿರಿಗೆ ಮುಗಿಸಿದರೆ ಕತೆ ಸತ್ತಿತು. ಅಷ್ಟು ಹೊತ್ತು ಲೆಕ್ಕ ಹಿಡಿದು ಕೇಳಿದ ಮಗುವಿಗೆ ಮೋಸವಾದಂತೆ. ನಿಮ್ಮ ಮಗಳು ಅರ್ಧದಲ್ಲಿ ಏಳುವುದಕ್ಕೂ ಇಂಥದ್ದೇ ಕಾರಣವಿರಬಹುದು: ಷರತ್ತನ್ನು ಮೊದಲೇ ಗಟ್ಟಿಯಾಗಿ ಹೇಳದಿದ್ದರೆ ಅದು ಮುರಿದಾಗ ಮಗುವಿಗೆ ಎದೆ ಝಲ್ಲೆನ್ನುವುದಿಲ್ಲ.

ಹೇಳುವ ಕ್ರಮ ಹೀಗಿರಲಿ. ಎರಡು ಗಿಂಡಿಯನ್ನೋ ಚೊಂಬನ್ನೋ ಬಾಯಿಯ ತನಕ ನೀರು ತುಂಬಿಸಿ ಎದುರಿಗಿಡಿ. ಚೊಂಬನ್ನು ನಾವು ದಿನವೂ ಎತ್ತುವುದು ಬಾಯಿಯ ಅಂಚಿಗೆ ಬೆರಳು ಕೊಂಡಿ ಹಾಕಿ, ಆಗ ಉಗುರು ಒಳಗಿನ ನೀರಿಗೆ ತಾಗಿಯೇ ತಾಗುತ್ತದೆ. ಉಗುರು ತಾಗದಿರಬೇಕಾದರೆ ಎರಡೂ ಅಂಗೈಯನ್ನು ಹೊರಗಿನಿಂದ ಒತ್ತಿ ಹಿಡಿದು ಎತ್ತಬೇಕು. ಮಗಳ ಕೈಯಲ್ಲೇ ಎತ್ತಿಸಿ, ನಾಲ್ಕು ಹೆಜ್ಜೆ ನಡೆಸಿ. ನೀರು ತುಳುಕುತ್ತದೆ, ಕೈ ನಡುಗುತ್ತದೆ. ಅಕ್ಕನ ಜಾಗ್ರತೆ ಏನೆಂದು ಅವಳಿಗೆ ಮಾತಿಲ್ಲದೆ ಗೊತ್ತಾಗುತ್ತದೆ. ಆಮೇಲೆ ಎರಡನೆಯ ಚೊಂಬನ್ನು ಮುಟ್ಟದೆ ಅಲ್ಲಿಯೇ ಇಡಿ. ಕತೆ ಮುಗಿಯುವ ತನಕ ಅವಳ ಕಣ್ಣು ಅದರ ಮೇಲೆಯೇ ಇರುತ್ತದೆ.

ಮರವಾಗುವ ಕ್ರಿಯೆಯನ್ನು ಮೊದಲ ಸಲ ನಿಧಾನವಾಗಿ, ಪೂರ್ತಿಯಾಗಿ ಹೇಳಿ. ಎರಡನೆಯ ಸಲವೂ ಅದೇ ಮಾತು, ಅದೇ ಅನುಕ್ರಮ. ತೋಟದ ಘಟ್ಟದಲ್ಲಿ ಮಾತ್ರ ಅವಸರದಿಂದ ಹೇಳಿ, ಆ ಹುಡುಗಿಯರ ಅವಸರ ನಿಮ್ಮ ದನಿಯಲ್ಲೇ ಬರಲಿ. ಕೊನೆಯ ಸಲ ಎಲ್ಲಕ್ಕಿಂತ ನಿಧಾನ: ಒಂದೊಂದು ಕೊಂಬೆ ಜೋಡಿಸುವಾಗಲೂ ಒಂದು ಉಸಿರು ಬಿಡಿ.

ಏನನ್ನು ಬದಲಿಸಬಹುದು? ಹೂವಿನ ಜಾತಿ, ಊರು, ದಾರಿ ಎಲ್ಲವನ್ನೂ. ನಮ್ಮ ಕಡೆಯ ಮಗುವಿಗೆ ಸಂಪಿಗೆಯೋ ರೆಂಜೆಯೋ ಆಗಲಿ, ಹೂ ಕಟ್ಟುವುದು ಬಾಳೆನಾರಿನಲ್ಲಿ ಆಗಲಿ. ಅವಳು ಬಿದ್ದುಕೊಂಡದ್ದು ತೋಡಿನ ಬದಿ ಎಂದರೆ ಕಣ್ಣಿಗೆ ಕಟ್ಟುತ್ತದೆ. ಕೊಡಪಾನದ ಸಂಖ್ಯೆ ಮಾತ್ರ ಎರಡೇ. ಮೂರು ಮಾಡಿದಿರೋ, ಕೆಟ್ಟಿತು.

ಎರಡನೆಯ ಮೆಚ್ಚು ಕಾಗಕ್ಕ ಗುಬ್ಬಕ್ಕ. ಕಾಗಕ್ಕನದು ಸೆಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಆಟಿ ತಿಂಗಳ ಮಳೆ ಹೊಯ್ಯುವ ರಾತ್ರಿ ಹೇಳಲು ಇದಕ್ಕಿಂತ ಬೇರೆ ಕತೆ ಬೇಡ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಜಿಲ್ಲೆಯ ಮಗುವಿಗೆ ಮನೆ ಕರಗಿಹೋಗುವುದೆಂದರೇನು ಎಂದು ವಿವರಿಸಬೇಕಾಗಿಲ್ಲ. ಇದರ ಜೀವ ಇರುವುದು ಮನೆ ಕರಗಿದ ಕಾಗಕ್ಕ ಗುಬ್ಬಕ್ಕನ ಬಾಗಿಲ ಮುಂದೆ ಕಾಯುವುದರಲ್ಲಿ. "ತಾಳು, ಮಗುವಿಗೆ ಮೀಯಿಸುತ್ತಿದ್ದೇನೆ", "ತಾಳು, ಕಾಡಿಗೆ ಹಚ್ಚುತ್ತಿದ್ದೇನೆ", "ತಾಳು, ತೊಟ್ಟಿಲಿಗೆ ಹಾಕುತ್ತಿದ್ದೇನೆ" ಎಂದು ಕಡಿಮೆಯೆಂದರೆ ಮೂರು ಸಲ ಆಗಬೇಕು. ಪ್ರತಿ ಸಲವೂ ಮಣೆಗೆ ಬೆರಳ ಗಿಣ್ಣಿನಿಂದ ಮೂರು ಬಾರಿ ಬಡಿಯಿರಿ. ನಿದ್ದೆ ಬರುತ್ತದೆಂದು ಒಂದೇ ಸಲಕ್ಕೆ ಬಾಗಿಲು ತೆಗೆಸಿದರೆ ಕತೆಯಲ್ಲಿ ಉಳಿಯುವುದು ಏನೂ ಇಲ್ಲ. ಕೊನೆ ಮನೆಮನೆಗೆ ಬೇರೆ, ನಿಮ್ಮ ಮನೆಯ ಹಿರಿಯರು ಹೇಳಿದ್ದನ್ನೇ ಇಟ್ಟುಕೊಳ್ಳಿ. ಮನೆಮಾತು ತುಳುವಾದರೆ "ಬಾಕಿಲ್ ದೆಪ್ಪು" (ಬಾಗಿಲು ತೆಗೆ) ಎಂದೇ ಕಾಗಕ್ಕ ಕೂಗಲಿ. ಆದರೆ ಶುರುವಿನಿಂದ ಕೊನೆವರೆಗೆ ಆ ಒಂದು ಸಾಲು ಒಂದೇ ಭಾಷೆಯಲ್ಲಿರಲಿ. ಒಮ್ಮೆ ಕನ್ನಡ, ಒಮ್ಮೆ ಮಲಯಾಳ ಆದರೆ ಮಗುವಿಗೆ ಜೊತೆಗೆ ಕೂಗಲು ಆಗುವುದಿಲ್ಲ.

ಮಂಗ ಮತ್ತು ಮೊಸಳೆಯ ಕತೆಯನ್ನು ಇಲ್ಲಿ ಹೇಳುವಾಗ ಒಂದು ತೊಡಕು. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತಾದರೂ, ಕುಂಬಳೆ ಕಡೆಯವರಿಗೆ ಮೊಸಳೆ ಎಂದರೆ ನೈವೇದ್ಯ ತಿನ್ನುವ ಸಾಧುಪ್ರಾಣಿಯೇ. ಹೃದಯ ಬೇಕೆಂದು ಕೇಳುವ ಮೊಸಳೆಯನ್ನು ಮಗು ನಂಬುವುದಿಲ್ಲ. ನಾನು ಅಂಥವರಿಗೆ ಈ ಕತೆಯನ್ನು ಶಿಫಾರಸು ಮಾಡುವುದಿಲ್ಲ.

ಹೊರಗಿನ ಕತೆಗಳಲ್ಲಿ ನನ್ನ ಆಯ್ಕೆ ಜರ್ಮನಿಯ ಗ್ರಿಮ್ ಸಹೋದರರ ಕಪ್ಪೆರಾಜನದ್ದು. ಅವರ ಮೊದಲ ಸಂಪುಟ ಬಂದದ್ದು 1812ರಲ್ಲಿ, ಕೊನೆಯ ಪರಿಷ್ಕರಣೆ 1857ರಲ್ಲಿ, ಎರಡರಲ್ಲಿಯೂ ಮೊದಲ ಕತೆ ಇದೇ. ರಾಜಕುಮಾರಿ ಕಪ್ಪೆಗೆ ಮುತ್ತು ಕೊಡುವುದು ಗ್ರಿಮ್ ಪಾಠದಲ್ಲಿ ಇಲ್ಲ. ಅವಳು ಸಿಟ್ಟಿನಿಂದ ಅದನ್ನು ಗೋಡೆಗೆ ಎಸೆಯುತ್ತಾಳೆ, ಆಗ ಅದು ರಾಜಕುಮಾರನಾಗುತ್ತದೆ. ಮಗುವಿಗೆ ಎಸೆಯುವುದನ್ನೇ ಹೇಳಿ. ಕೊಟ್ಟ ಮಾತಿಗೆ ಕಟ್ಟುಬಿದ್ದು ಒದ್ದೆ ಕಪ್ಪೆಯನ್ನು ತಟ್ಟೆಯ ಪಕ್ಕ ಕೂರಿಸಿಕೊಂಡ ಹುಡುಗಿಗೆ ಸಿಟ್ಟು ಬರುವುದು ಸಹಜ, ಮುತ್ತು ಕೊಡಿಸಿದರೆ ಆ ಸಿಟ್ಟಿನ ಬಲವೇ ಹೋಗುತ್ತದೆ. ನಮ್ಮ ಕಡೆ ಗೋಂಕುರು ಕಪ್ಪೆಯ ದನಿ ಎಲ್ಲರಿಗೂ ಗೊತ್ತು, ಬಾವಿಕಟ್ಟೆಯಿಂದ ಆ ದನಿ ಬರಲಿ.

ಸಿಂಡ್ರೆಲಾಳ ಗಾಜಿನ ಪಾದರಕ್ಷೆ, ಕುಂಬಳಕಾಯಿಯ ಗಾಡಿ ಫ್ರಾನ್ಸಿನ ಪೆರೋ 1697ರಲ್ಲಿ ಬರೆದದ್ದು. ಗ್ರಿಮ್ ಪಾಠದಲ್ಲಿ ತಾಯಿಯ ಸಮಾಧಿಯ ಮೇಲೆ ಬೆಳೆದ ಮರ, ಅದರ ಹಕ್ಕಿ ಉಡುಪು ಕೊಡುತ್ತದೆ. ಎರಡನ್ನೂ ಕಲಸಬೇಡಿ, ಒಂದನ್ನು ಹಿಡಿಯಿರಿ, ನನಗೆ ಮರದ್ದೇ ಇಷ್ಟ. ಡೆನ್ಮಾರ್ಕಿನ ಆಂಡರ್ಸನ್ನನ ಮತ್ಸ್ಯಕನ್ಯೆ 1837ರದ್ದು, ಕೂತು ಬರೆದ ಕತೆ, ಅದರ ಸೊಗಸು ವಾಕ್ಯಗಳಲ್ಲಿ ಇದೆ. ಅದನ್ನು ಬಾಯಿಂದ ಹೇಳಲು ಹೋಗದೆ ಪುಸ್ತಕ ಹಿಡಿದು ಓದಿ, ಅದೂ ಮಗು ಇನ್ನಷ್ಟು ದೊಡ್ಡದಾದ ಮೇಲೆ.

ಇನ್ನು ಸಮಯ. ಮರದ ಹುಡುಗಿಯ ಕತೆ ಸರಿಯಾಗಿ ಹೇಳಿದರೆ ಅರ್ಧ ಗಂಟೆ ಬೇಕು, ಆರು ವರ್ಷದವಳಿಗೆ ಅದು ಒಂದೇ ರಾತ್ರಿಗೆ ಹೆಚ್ಚು. ಮೊದಲ ರಾತ್ರಿ ಮದುವೆಯಲ್ಲಿ ನಿಲ್ಲಿಸಿ. ತೋಟದ ಘಟ್ಟದಲ್ಲಿ ನಿಲ್ಲಿಸಿದರೆ ಕುತೂಹಲ ಉಳಿಯುತ್ತದೆಂದು ಅನಿಸಬಹುದು, ಆದರೆ ಮುರಿದ ಕೈಕಾಲನ್ನು ನೆನೆಯುತ್ತ ಮಗು ಮಲಗಬೇಕಾಗುತ್ತದೆ. ಎರಡನೆಯ ರಾತ್ರಿ ನಾದಿನಿಯಿಂದ ಶುರುಮಾಡಿ ಎರಡನೆಯ ಕೊಡಪಾನದ ತನಕ ಎಲ್ಲಿಯೂ ನಿಲ್ಲಿಸದೆ ಹೇಳಿ. ಆ ಹೊತ್ತಿಗೆ ಫೋನು ಬಂದರೆ ಎತ್ತಬೇಡಿ. ಕೊನೆಯಲ್ಲಿ ಚೊಂಬಿನ ನೀರನ್ನು ಮಗಳ ಕೈಯಿಂದಲೇ ಅಂಗಳದ ತುಳಸಿ ಬುಡಕ್ಕೆ ಹೊಯ್ಯಿಸಿ, ಪೂರ್ತಿಯಾಗಿ, ನಿಧಾನವಾಗಿ.